ಕೋಳಿ ಮುಚ್ಚುವ ಹೊತ್ತು

ಸಂಜೆ ಆರೂಕಾಲು ಆಯಿತೆಂದರೆ ನಮ್ಮ ಮನೆಯಲ್ಲಿ ಅವ್ವನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಅದು ಕೋಳಿ ಮುಚ್ಚುವ ಹೊತ್ತು. ಹಿತ್ತಿಲ ಮೆಟ್ಟಿಲ ಮೇಲೆ ಕೂತು, ತೊಡೆಯ ಮೇಲೆ ನುಚ್ಚಿನ ಬಟ್ಟಲು ಇಟ್ಟುಕೊಂಡು "ಬಾ ಬಾ ಬಾ ಬಾ" ಅಂತ ಕರೆಯುತ್ತಾಳೆ. ಸೀಬೆ ಗಿಡದ ಬುಡದಿಂದ ಎರಡು ಬರುತ್ತವೆ. ಕಾಂಪೌಂಡ್ ಮೂಲೆಯ ತಿಪ್ಪೆಯಿಂದ ನಾಲ್ಕು. ಪಕ್ಕದ ಖಾಲಿ ಸೈಟಿನ ಬೇಲಿ ನುಸುಳಿ ಮೂರು. ಒಟ್ಟು ಒಂಬತ್ತು.

ಕೋಳಿಗೆ ಇರುಳು ಕಣ್ಣು ಕಾಣುವುದಿಲ್ಲ. ಹಗಲಿನಲ್ಲಿ ನಮಗಿಂತ ಜಾಸ್ತಿ ಬಣ್ಣ ಕಾಣುವ ಕಣ್ಣು ಅದು. ಕತ್ತಲಾದರೆ ಮಾತ್ರ ಇದ್ದ ಜಾಗದಲ್ಲೇ ಕೂತುಬಿಡುತ್ತದೆ. ಅದಕ್ಕೇ ಬೆಳಕಿರುವಾಗಲೇ ತಾನಾಗಿಯೇ ಗೂಡು ಸೇರುತ್ತದೆ. ಡಿಸೆಂಬರಿನಲ್ಲಿ ಮೈಸೂರಿನಲ್ಲಿ ಆರು ಗಂಟೆಗೆಲ್ಲ ಹೊತ್ತು ಮುಳುಗುತ್ತದೆ, ಜೂನಿನಲ್ಲಿ ಆರೂ ಮುಕ್ಕಾಲು ದಾಟುತ್ತದೆ. ಅವ್ವ ಗಡಿಯಾರ ನೋಡುವುದಿಲ್ಲ, ಕೋಳಿಗಳೂ ನೋಡುವುದಿಲ್ಲ. ಎರಡೂ ಕಡೆಯವರು ಸರಿಯಾದ ಹೊತ್ತಿಗೆ ಹಾಜರು. ಹೊತ್ತಾದರೂ ಒಂದು ಬರಲಿಲ್ಲ ಅಂದರೆ ಅದಕ್ಕೆ ಏನೋ ಆಗಿದೆ ಅಂತಲೇ ತಿಳಿಯಬೇಕು.

ಮೊದಮೊದಲು ನಾನು ಎಣಿಸುತ್ತಿದ್ದೆ. ಒಮ್ಮೆ ಅವ್ವ ನನ್ನ ತಂಗಿಯ ಮನೆಗೆ ಹೋಗಿದ್ದಾಗ ಸಂಜೆ ಫೋನ್ ಮಾಡಿದಳು. "ಕೋಳಿ ಬಂದ್ವಾ ಮಗಾ?"

"ಹ್ಞೂಂ ಅವ್ವ, ಒಂಬತ್ತೂ ಬಂದ್ವು."

"ಲೆಕ್ಕ ಯಾರ್ ಕೇಳಿದ್ರು? ಯಾರ್ಯಾರು ಬಂದ್ರು, ಹೆಂಗ್ ಬಂದ್ರು ಅಂತ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಒಂಬತ್ತು ಕೋಳಿ ಒಳಗೆ ಹೋದದ್ದು ಕಂಡಿತ್ತು. ಒಂದನ್ನೂ ನೋಡಿರಲಿಲ್ಲ.

ಕೋಳಿ ಸಾಕುವುದರಲ್ಲಿ ಮುಕ್ಕಾಲು ಪಾಲು ಇದೇ ಅಂತ ಈಗ ನನಗೆ ಅನಿಸುತ್ತದೆ. ಮೇವು ಬೇಕು, ಗೂಡು ಬೇಕು, ಮದ್ದು ಬೇಕು. ದಿನಕ್ಕೊಮ್ಮೆ ಒಂದೊಂದನ್ನೂ ಕಣ್ಣಿಟ್ಟು ನೋಡದಿದ್ದರೆ ಅದ್ಯಾವುದೂ ಕೈ ಹಿಡಿಯುವುದಿಲ್ಲ. ಅವ್ವನಿಗೆ ಇದು ಮೊದಲಿಂದ ಗೊತ್ತಿತ್ತು. ನಾನು ಕಲಿತದ್ದು ಹನ್ನೊಂದು ಮರಿಗಳನ್ನು ಕಳೆದುಕೊಂಡ ಮೇಲೆ.

ನಾವಿರುವುದು ಮೈಸೂರಿನ ರಿಂಗ್ ರೋಡಿನಾಚೆಯ ಒಂದು ಬಡಾವಣೆಯಲ್ಲಿ. ಮನೆ ಹಿಂದೆ ಒಂದಿಷ್ಟು ಜಾಗ, ಪಕ್ಕದಲ್ಲಿ ಇನ್ನೂ ಮನೆ ಏಳದ ಸೈಟು. ಅವ್ವನ ಊರು ಪಾಂಡವಪುರದ ಕಡೆ. ವಿಶ್ವೇಶ್ವರಯ್ಯ ನಾಲೆಯ ನೀರು, ಭತ್ತ, ಕಬ್ಬು, ಸುಗ್ಗಿಯಲ್ಲಿ ಆಲೆಮನೆಯ ವಾಸನೆ. 2017ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವ್ವನನ್ನು ಇಲ್ಲಿಗೆ ಕರೆತಂದೆ. ಊರಿನ ಹುಡುಗನ ಲಗೇಜ್ ಆಟೋದಲ್ಲಿ ಬಂದಳು. ಎರಡು ಮೂಟೆ ರಾಗಿ, ಅವಳ ಒರಳು, ಪಕ್ಕದಲ್ಲಿ ಮಂಕರಿ ಕವುಚಿ ಹಗ್ಗ ಬಿಗಿದಿದ್ದಳು. ಮಂಕರಿಯೊಳಗೆ ಎರಡು ಹ್ಯಾಟೆ, ಒಂದು ಹುಂಜ. "ಇವ್ನೆಲ್ಲಾ ಯಾಕ್ ತಂದೆ ಅವ್ವ?" ಅಂದೆ. "ಬಿಟ್ಟು ಬರೋಕೆ ಅವು ಯಾರವು?" ಅಂದಳು.

ನಮ್ಮ ಕಡೆ ಮನೆಯಲ್ಲಿ ದನ ಗಂಡಸಿನದು, ಕೋಳಿ ಹೆಂಗಸಿನದು. ಅವ್ವ ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯಾಕೆ ಒಂದು ಹ್ಯಾಟೆಯನ್ನು ಪಾಲಿಗೆ ಕೊಟ್ಟಿದ್ದಳಂತೆ. ಸಾಕುವುದು ಅವ್ವ, ಮರಿಯಾದರೆ ಅರ್ಧ ಅವಳಿಗೆ, ಅರ್ಧ ಕೊಟ್ಟವಳಿಗೆ. ಅಲ್ಲಿಂದ ಶುರುವಾದದ್ದು ನಿಂತೇ ಇಲ್ಲ. ಮೊಟ್ಟೆ ಮಾರಿದ ದುಡ್ಡನ್ನು ಅಪ್ಪ ಒಂದು ದಿನವೂ ಕೇಳಿದವನಲ್ಲ. ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ ಫೀಸು ಕಟ್ಟಿದ್ದು ಒಂದು ಹುಂಜ ಮಾರಿ. ಯಾವ ಹುಂಜ ಅಂತ ಅವ್ವನಿಗೆ ಇವತ್ತಿಗೂ ನೆನಪಿದೆ. ಕೆಂಪು ಮೈ, ಕರಿ ಬಾಲ, ಬಲಗಾಲಿನ ಒಂದು ಉಗುರು ಮುರಿದಿತ್ತು ಅನ್ನುತ್ತಾಳೆ.

ಆ ಹನ್ನೊಂದು ಮರಿಗಳ ವಿಷಯ ಹೇಳಬೇಕು.

2018ರ ಬೇಸಿಗೆ. ಅವ್ವನ ನಾಟಿ ಕೋಳಿಗಳು ಹನ್ನೆರಡೋ ಹದಿನೈದೋ ಮೊಟ್ಟೆ ಇಟ್ಟು ಕಾವಿಗೆ ಕೂತುಬಿಡುತ್ತಿದ್ದವು. ಮನೆಗೆ ದಿನಾ ಮೊಟ್ಟೆ ಸಿಗಲಿ ಅಂತ ನಾನು ಬೈಕಿಗೆ ಬುಟ್ಟಿ ಕಟ್ಟಿಕೊಂಡು ಬಂದವನ ಹತ್ತಿರ 14 ಗಿರಿರಾಜ ಮರಿ ಕೊಂಡೆ. ಗಿರಿರಾಜ ನಮ್ಮದೇ ತಳಿ. ಬೆಂಗಳೂರಿನ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾಲಯದವರು 1989ರಲ್ಲಿ ಹಿತ್ತಿಲಲ್ಲಿ ಸಾಕುವವರಿಗೆಂದೇ ತಂದದ್ದು. ವರ್ಷಕ್ಕೆ 130ರಿಂದ 150 ಮೊಟ್ಟೆ ಇಡುತ್ತದೆ. ಮೈಬಣ್ಣ ನಾಟಿಯ ಹಾಗೇ ಥರಾವರಿ. ಮರಿಗಳು ಚೆನ್ನಾಗಿಯೇ ಬೆಳೆಯುತ್ತಿದ್ದವು. ಲಸಿಕೆ ಹಾಕಿದೆಯಾ ಅಂತ ಮಾರಿದವನು ಹೇಳಲಿಲ್ಲ, ನಾನು ಕೇಳಲಿಲ್ಲ.

ಒಂದು ಸಂಜೆ ಅವ್ವ "ಆ ಬಿಳಿ ಮಚ್ಚೇದು ರೆಕ್ಕೆ ಇಳೇಬಿಟ್ಟೈತೆ ಕನ ಮಗಾ, ಮಂಕಾಗೈತೆ" ಅಂದಳು. ನಾನು ಮೊಬೈಲ್ ನೋಡುತ್ತಿದ್ದೆ. ಬಿಸಿಲಿಗಿರಬೇಕು ಬಿಡು ಅಂದೆ. ಮಾರನೇ ದಿನವೂ ಹೇಳಿದಳು. ಮೂರನೇ ದಿನ ಬೆಳಿಗ್ಗೆ ಗೂಡು ತೆರೆದರೆ ಎರಡು ಸತ್ತಿದ್ದವು. ಉಳಿದವು ಹಸಿರು ಭೇದಿ ಮಾಡುತ್ತಿದ್ದವು. ಬಾಯಿ ತೆರೆದು ಕತ್ತು ಚಾಚಿ ಉಸಿರು ಎಳೆಯುತ್ತಿದ್ದವು. ಒಂದು ಕತ್ತನ್ನು ತಿರುಚಿಕೊಂಡು ಸುತ್ತುತ್ತಲೇ ಇತ್ತು. ಆ ಸುತ್ತುವುದು ಇನ್ನೂ ನನ್ನ ಕಣ್ಣಲ್ಲಿದೆ. ಆರು ದಿನದಲ್ಲಿ ಹನ್ನೊಂದು ಹೋದವು. ಖಾಲಿ ಸೈಟಿನ ಅಂಚಿನಲ್ಲಿ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದೆ. ಅವ್ವ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಪಶು ಆಸ್ಪತ್ರೆಯ ಡಾಕ್ಟರಿಗೆ ಹೇಳಿದ ಕೂಡಲೇ ಅವರು "ಕೊಕ್ಕರೆ ರೋಗ" ಅಂದರು. ಪುಸ್ತಕದಲ್ಲಿ ಇದಕ್ಕೆ ರಾಣಿಖೇತ್ ಅಂತ ಹೆಸರು, ಉತ್ತರದ ಒಂದು ಬೆಟ್ಟದ ಊರಿನ ಹೆಸರು. ವೈರಸ್ಸಿನಿಂದ ಬರುತ್ತದೆ. ಬಂದ ಮೇಲೆ ವಾಸಿ ಮಾಡುವ ಔಷಧಿ ಇಲ್ಲ, ಬಾರದಂತೆ ಲಸಿಕೆ ಮಾತ್ರ ಇದೆ. ಮರಿಗೆ ಐದರಿಂದ ಏಳು ದಿನ ಆಗುವಾಗ ಕಣ್ಣಿಗೋ ಮೂಗಿಗೋ ಒಂದು ಹನಿ. ಎಂಟನೇ ವಾರದ ಹೊತ್ತಿಗೆ ರೆಕ್ಕೆಯ ಹತ್ತಿರ ಚರ್ಮದಡಿ ಅರ್ಧ ಎಂ.ಎಲ್. ಇಂಜೆಕ್ಷನ್. ಇಷ್ಟೇ. ಹನ್ನೊಂದು ಜೀವಕ್ಕೆ ಇಷ್ಟೇ ಸಾಕಾಗಿತ್ತು ಅಂತ ತಿಳಿದಾಗ ಬಹಳ ಹೊತ್ತು ಆ ಬೆಂಚಿನ ಮೇಲೇ ಕೂತಿದ್ದೆ.

ಆದರೆ ನಾಲ್ಕಾರು ಕೋಳಿ ಸಾಕುವವರಿಗೆ ಇದರಲ್ಲಿ ಒಂದು ತೊಡಕಿದೆ. ಈ ಲಸಿಕೆಯ ಚಿಕ್ಕ ಬಾಟಲಿ ಅಂದರೂ ಅದರಲ್ಲಿ 100 ಕೋಳಿಗೆ ಆಗುವಷ್ಟು ಇರುತ್ತದೆ. ಐಸಿನಲ್ಲೇ ತರಬೇಕು. ಒಮ್ಮೆ ಕಲಸಿದರೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ಎತ್ತಿಡುವ ಹಾಗಿಲ್ಲ. ನಮ್ಮ ಐದು ಕೋಳಿಗೆ ಹಾಕಿ 95ರಷ್ಟನ್ನು ಚೆಲ್ಲಬೇಕಿತ್ತು. ಅವ್ವನಿಗೆ ಇದು ಸರಿ ಕಾಣಲಿಲ್ಲ. "ಸುತ್ತಮುತ್ತ ಯಾರ್ ಮನೇಲಿ ಕೋಳಿ ಐತೆ ನೋಡ್ಕೊಂಡು ಬಾ" ಅಂದಳು.

ಒಂದು ವಾರ ಸಂಜೆ ಹೊತ್ತು ಸುಮ್ನೆ ನಡೆದಾಡಿದೆ. ನಮ್ಮ ಬಡಾವಣೆಯಲ್ಲಿ ಇಷ್ಟು ಕೋಳಿ ಇವೆ ಅಂತ ನನಗೆ ಗೊತ್ತೇ ಇರಲಿಲ್ಲ. ಕಟ್ಟುತ್ತಿರುವ ಮನೆಯೊಂದರ ಕಾವಲಿನವರು ಸಿಮೆಂಟ್ ಚೀಲದ ಮರೆಯಲ್ಲಿ ಹತ್ತು ಸಾಕಿದ್ದರು. ಹೂ ಕಟ್ಟುವ ಅಕ್ಕನ ಮನೆಯಲ್ಲಿ ನಾಲ್ಕು. ರಿಟೈರಾದ ಮೇಷ್ಟ್ರೊಬ್ಬರ ಮಹಡಿ ಮೇಲೆ ಆರು. ಹಳೇ ಊರಿನ ಬೀದಿಗೆ ಹೋದರೆ ಪ್ರತಿ ಎರಡನೇ ಮನೆಯಲ್ಲೂ. ಭಾನುವಾರ ಬೆಳಿಗ್ಗೆ ಥರ್ಮಾಸ್ ಫ್ಲಾಸ್ಕಿನಲ್ಲಿ ಐಸು, ಅದರೊಳಗೆ ಬಾಟಲಿ. ಬಿಸಿಲೇರುವ ಮೊದಲೇ ಎಲ್ಲರೂ ನಮ್ಮ ಹಿತ್ತಿಲಿಗೆ ಬಂದರು. ಚೀಲದಲ್ಲಿ, ಬುಟ್ಟಿಯಲ್ಲಿ, ಒಬ್ಬಳು ಪುಟ್ಟ ಹುಡುಗಿ ಫ್ರಾಕಿನ ಮಡಿಲಲ್ಲಿ. ಅವ್ವ ಕೋಳಿ ಹಿಡಿದುಕೊಳ್ಳುತ್ತಿದ್ದಳು, ಡಾಕ್ಟರ ಸಹಾಯಕರು ಹನಿ ಹಾಕುತ್ತಿದ್ದರು. ಆವತ್ತು 62 ಕೋಳಿಗೆ ಆಯಿತು. ಅವತ್ತಿನಿಂದ ನಡೆಸಿಕೊಂಡು ಬಂದಿದ್ದೇವೆ. ಯಾರ ಮನೆಯಲ್ಲಾದರೂ ಮರಿಯಾದರೆ ಈಗ ಮೊದಲು ಅವ್ವನಿಗೆ ಸುದ್ದಿ ಬರುತ್ತದೆ.

ಲಸಿಕೆ ಇಲ್ಲದ ಭಯವೂ ಒಂದು ಬಂತು. 2020ರ ಮಾರ್ಚ್. ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ಇದೆ ಅಂತ ಖಚಿತವಾಯಿತು. ಅಲ್ಲಿಂದ 1 ಕಿ.ಮೀ. ಒಳಗಿದ್ದ ಕೋಳಿಗಳನ್ನೆಲ್ಲ ಕೊಲ್ಲಬೇಕಾಯಿತು, ಅಂಗಡಿಯವು ಮಾತ್ರ ಅಲ್ಲ, ಮನೆಯಲ್ಲಿ ಸಾಕಿದವು ಕೂಡ. 10 ಕಿ.ಮೀ. ಒಳಗೆ ನಿಗಾ ಇಟ್ಟರು. ಆ ಗೆರೆಯೊಳಗೇ ನಮ್ಮ ಮನೆ. ಬೇರೆ ದಾರಿ ಇರಲಿಲ್ಲ ಅಂತ ನನಗೆ ಗೊತ್ತು. ಆ ರೋಗ ಹಾಗೆ, ಬಿಟ್ಟರೆ ಊರಿಗೂರೇ ಹೋಗುತ್ತದೆ, ಮನುಷ್ಯರಿಗೂ ತಗಲಬಹುದು. ಆದರೂ ಮಂಕರಿಯಲ್ಲಿ ಎರಡು ಕೋಳಿ ಇಟ್ಟುಕೊಂಡಿದ್ದ ಯಾವುದೋ ಮುದುಕಿಯ ಮನೆ ಬಾಗಿಲು ತಟ್ಟಿದ ಆ ಗಳಿಗೆಯನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹದಿನೈದು ದಿನ ಅವ್ವ ಕೋಳಿಗಳನ್ನು ಹೊರಗೆ ಬಿಡಲಿಲ್ಲ. ಕಾಗೆ ಬಾರದಂತೆ ಗೂಡಿನ ಮೇಲೆ ಹಳೆಯ ಸೊಳ್ಳೆಪರದೆ ಹೊದಿಸಿದಳು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ಒಂದೊಂದನ್ನೇ ನೋಡುತ್ತಿದ್ದಳು. ಜುಟ್ಟು ನೀಲಿಗಟ್ಟಿದೆಯಾ, ಮುಖ ಊದಿದೆಯಾ. ಆ ವರ್ಷ ಯುಗಾದಿಯೂ ಲಾಕ್‌ಡೌನೂ ಒಂದೇ ದಿನ ಬಂದವು, ಮಾರ್ಚ್ 25ಕ್ಕೆ. ಮಾರನೇ ದಿನ ಹೊಸತೊಡಕು. ನಮ್ಮ ಕಡೆ ಅವತ್ತು ನಾಟಿಕೋಳಿ ಸಾರು, ಮುದ್ದೆ ಇಲ್ಲದ ಮನೆ ಇರುವುದಿಲ್ಲ. ಆ ವರ್ಷ ನಾವು ಹುರುಳಿಕಾಳಿನ ಸಾರು ಮಾಡಿ ಉಂಡೆವು. ನಮ್ಮ ಕೋಳಿಗಳಿಗೆ ಏನೂ ಆಗಲಿಲ್ಲ.

ಮೇವಿನ ಬಗ್ಗೆ ಜನ ನನ್ನನ್ನು ಜಾಸ್ತಿ ಕೇಳುತ್ತಾರೆ. ಹೇಳುವುದು ಕಡಿಮೆಯೇ ಇದೆ. ಬೆಳಿಗ್ಗೆ ರಾಗಿ, ನುಚ್ಚು, ತೌಡು. ಹಗಲೆಲ್ಲ ಅವೇ ಕೆದಕಿ ತಿನ್ನುತ್ತವೆ. ಹೊನಗೊನ್ನೆ, ನುಗ್ಗೆ ಸೊಪ್ಪು ಹಾಕಿದರೆ ಮೊಟ್ಟೆಯ ಹಳದಿ ಕೇಸರಿಗೆ ತಿರುಗುತ್ತದೆ. ಉಪ್ಪಿನ ಅಡುಗೆ ಮಿಕ್ಕಿದ್ದನ್ನು ಸುರಿಯಬಾರದು, ಉಪ್ಪು ಹೆಚ್ಚಾದರೆ ಕೋಳಿ ಸಾಯುತ್ತದೆ. ಮರಿಗಳಿಗೆ ಅವ್ವ ಊರಿನ ಹಾಗೇ ಗೆದ್ದಲು ಹಿಡಿಯುತ್ತಾಳೆ. ಹಳೇ ಮಡಕೆಗೆ ಒದ್ದೆ ಸಗಣಿ, ಹುಲ್ಲು ತುಂಬಿ ಖಾಲಿ ಸೈಟಿನ ಹುತ್ತದ ಹತ್ತಿರ ಸಂಜೆ ಕವುಚಿಟ್ಟರೆ ಬೆಳಿಗ್ಗೆ ಮಡಕೆ ತುಂಬ ಗೆದ್ದಲು. ಮರಿಗಳು ಅದರ ಮೇಲೆ ಬೀಳುವುದನ್ನು ನೋಡಬೇಕು!

ಒಮ್ಮೆ ಚುಕ್ಕಿ ಅನ್ನುವ ಹ್ಯಾಟೆ ಚಿಪ್ಪಿಲ್ಲದ, ತೊಗಲಿನಂಥ ಮೊಟ್ಟೆ ಇಟ್ಟಿತು. ಒಂದು ಮೊಟ್ಟೆ ಆಗಲು ಒಂದು ದಿನಕ್ಕಿಂತ ಸ್ವಲ್ಪ ಜಾಸ್ತಿ ಹೊತ್ತು ಬೇಕು, ಅದರಲ್ಲಿ 20 ಗಂಟೆ ಬರೀ ಚಿಪ್ಪಿಗೇ ಹೋಗುತ್ತದೆ. ಪ್ರತಿ ಚಿಪ್ಪಿಗೂ ಸುಮಾರು 2 ಗ್ರಾಂ ಸುಣ್ಣದ ಸತ್ವ ಬೇಕು. ಮೇವಿನಲ್ಲಿ ಸಿಗದಿದ್ದರೆ ಕೋಳಿ ತನ್ನ ಮೂಳೆಯಿಂದಲೇ ತೆಗೆದು ಕೊಡುತ್ತದೆ. ಇದನ್ನು ಓದಿದ ದಿನದಿಂದ ನಮ್ಮ ಮನೆಯಲ್ಲಿ ಒಂದು ಮೊಟ್ಟೆ ಚಿಪ್ಪೂ ಕಸಕ್ಕೆ ಹೋಗಿಲ್ಲ. ಒಣಗಿಸಿ, ಹುರಿದು, ಪುಡಿ ಮಾಡಿ ಬಟ್ಟಲಲ್ಲಿ ಇಡುತ್ತೇನೆ. ಬೇಕಾದದ್ದು ಬಂದು ತಿನ್ನುತ್ತದೆ.

ಹುಂಜದ ವಿಷಯ ಬೇರೆ. ಊರಿಂದ ಬಂದ ಹುಂಜದ ಮಗ ಬೆಳಗಿನ ಜಾವ ನಾಲ್ಕಕ್ಕೇ ಕೂಗುತ್ತಿತ್ತು. ಅಕ್ಕಪಕ್ಕದಲ್ಲಿ ಮನೆಗಳು ಎದ್ದವು. ಒಬ್ಬರ ಮನೆಯಲ್ಲಿ ಎಳೆಗೂಸು. ಅವರು ಬಂದು ಬೇಜಾರಿನಿಂದಲೇ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. 2022ರಲ್ಲಿ ಹುಂಜವನ್ನು ಊರಿಗೆ, ದೊಡ್ಡಪ್ಪನ ಮಗನ ಮನೆಗೆ ಕಳಿಸಿದೆವು. ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆ ಮರಿಯಾಗುವುದಿಲ್ಲ. ಇಲ್ಲಿಗೆ ಈ ವಂಶ ನಿಂತಿತು ಅಂತ ಅವ್ವ ಮಂಕಾದಳು.

ಆಗ ಡಾಕ್ಟರೊಬ್ಬರು ಹೇಳಿದ ಮಾತು ನೆನಪಾಯಿತು. ಹುಂಜ ಹೋದ ಮೇಲೂ ಒಂದೆರಡು ವಾರ ಹ್ಯಾಟೆಯ ಹೊಟ್ಟೆಯಲ್ಲಿ ಅದರ ಬೀಜ ಉಳಿದಿರುತ್ತದೆ. ಆ ದಿನಗಳ ಮೊಟ್ಟೆ ಮರಿಯಾಗುತ್ತವೆ. ಒಂದು ವಾರ ಒಂದು ಮೊಟ್ಟೆಯನ್ನೂ ನಾವು ತಿನ್ನಲಿಲ್ಲ. ತಂಪಾದ ಮೂಲೆಯಲ್ಲಿ ರಾಗಿ ತುಂಬಿದ ಪಾತ್ರೆಯಲ್ಲಿ ಜೋಡಿಸಿಟ್ಟೆವು. ಅಷ್ಟರಲ್ಲಿ ನಮ್ಮ ನಾಟಿ ಹ್ಯಾಟೆ ಜುಟ್ಟಿ ಕಾವಿಗೆ ಬಂದಿತ್ತು. ಕೈ ಹತ್ತಿರ ಹೋದರೆ ಪುಕ್ಕ ಕೆದರಿಕೊಂಡು ಕೊರ್ರ್ ಅನ್ನುತ್ತಿತ್ತು.

ಅವ್ವ ಮಂಕರಿಯಲ್ಲಿ ಭತ್ತದ ಹುಲ್ಲು ಹಾಸಿ, ಒಂದು ಇದ್ದಿಲ ಚೂರು, ಒಂದು ಕಬ್ಬಿಣದ ಮೊಳೆ ಇಟ್ಟಳು. ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ. ಹನ್ನೊಂದು ಮೊಟ್ಟೆ. ಆರು ನಾಟಿಯವು, ಐದು ಗಿರಿರಾಜದವು. ಗಿರಿರಾಜ ಮೊಟ್ಟೆ ಇಡುತ್ತದೆಯೇ ಹೊರತು ಕಾವಿಗೆ ಕೂರುವುದಿಲ್ಲ, ಅದರ ಮರಿಯನ್ನೂ ನಾಟಿ ತಾಯಿಯೇ ಮಾಡಬೇಕು. ಸಂಜೆ ಕತ್ತಲಾದ ಮೇಲೆ ಜುಟ್ಟಿಯನ್ನು ಎತ್ತಿ ಕೂರಿಸಿದೆವು. ಅದು ಕೊಕ್ಕಿನಿಂದ ಒಂದೊಂದೇ ಮೊಟ್ಟೆಯನ್ನು ಎಳೆದು ಎದೆಯಡಿ ಸೇರಿಸಿಕೊಂಡಿತು.

21 ದಿನ. ದಿನಕ್ಕೆ ಒಮ್ಮೆ ಮಾತ್ರ ಇಳಿಯುತ್ತಿತ್ತು. ಅವಸರವಾಗಿ ನೀರು, ಎರಡು ಬಾಯಿ ಕಾಳು, ಒಂದು ಮಣ್ಣಿನ ಸ್ನಾನ, ಮತ್ತೆ ಮೊಟ್ಟೆಯ ಮೇಲೆ. ಮೈ ಸೊರಗಿತು, ಜುಟ್ಟಿನ ಕೆಂಪು ಬಿಳಿಚಿತು. ಏಳನೇ ರಾತ್ರಿ ಮೊಬೈಲ್ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿದೆ. ಒಳಗೆ ಜೇಡರ ಬಲೆಯಂತೆ ಕೆಂಪು ನರಗಳು, ನಡುವೆ ಕರಿ ಚುಕ್ಕೆ, ಆ ಚುಕ್ಕೆ ಮಿಸುಕಿತು. ಒಂದು ಮಾತ್ರ ತಿಳಿಯಾಗಿತ್ತು, ಅದು ಗೊಡ್ಡು. ಇಪ್ಪತ್ತನೇ ದಿನ ಅವ್ವ ನನ್ನನ್ನು ಕೂಗಿ ಕಿವಿ ಹತ್ತಿರ ಒಂದು ಮೊಟ್ಟೆ ಹಿಡಿದಳು. ಒಳಗಿಂದ ಪಿಂಯ್ ಪಿಂಯ್ ಅಂತ ದನಿ. ಜುಟ್ಟಿ ಕೆಳದನಿಯಲ್ಲಿ ಕುಕ್ ಕುಕ್ ಅಂತ ಉತ್ತರ ಕೊಡುತ್ತಿತ್ತು. ಇನ್ನೂ ಮುಖ ನೋಡದ ತಾಯಿ ಮಕ್ಕಳು ಮಾತಾಡಿಕೊಳ್ಳುತ್ತಿದ್ದರು.

ಒಂಬತ್ತು ಮರಿ ಎದ್ದವು. ಮೊದಲು ಎದ್ದದ್ದು ಕೊನೆಯದಕ್ಕಾಗಿ ಒಂದು ದಿನ ಕಾದಿತು. ಮೊಟ್ಟೆಯ ಹಳದಿ ಮರಿಯ ಹೊಟ್ಟೆಯೊಳಗೇ ಸೇರಿಕೊಂಡಿರುತ್ತದೆ, ಎರಡು ದಿನ ಏನೂ ತಿನ್ನದೆ ಇರಬಲ್ಲದು. ಅದಕ್ಕೇ ತಾಯಿ ಎಲ್ಲರೂ ಎದ್ದ ಮೇಲೇ ಮಂಕರಿ ಬಿಟ್ಟು ಇಳಿಯುತ್ತದೆ. ಆ ಒಂಬತ್ತರಲ್ಲಿ ಒಂದನ್ನು ಮುಂಗುಸಿ ಕೊಂಡೊಯ್ಯಿತು. ಗೂಡಿನ ಜಾಲರಿಯಲ್ಲಿ ಮೂರು ಬೆರಳು ಸಂದಿ ಇತ್ತು, ಅದಕ್ಕೆ ಅಷ್ಟೇ ಸಾಕು. ಮಾರನೇ ದಿನವೇ ಅರ್ಧ ಇಂಚಿನ ವೆಲ್ಡ್ ಮೆಶ್ ಹೊಡೆಸಿದೆ.

ತಿನ್ನುತ್ತೀರಾ ಅಂತ ಕೆಲವರು ಕೇಳುತ್ತಾರೆ. ತಿನ್ನುತ್ತೇವೆ. ಬೆಳೆದ ಹುಂಜಗಳನ್ನು ಹೊಸತೊಡಕಿಗೆ, ನೆಂಟರು ಬಂದಾಗ ಕೊಯ್ಯುತ್ತೇವೆ. ಅವ್ವನಿಗೆ ಇದರಲ್ಲಿ ಅಡ್ಡಿಯಿಲ್ಲ. ಆದರೆ ಕೊಯ್ಯುವ ಹಿಂದಿನ ಸಂಜೆ ಅದಕ್ಕೆ ಹೊಟ್ಟೆ ತುಂಬ ರಾಗಿ ಹಾಕುತ್ತಾಳೆ, ಬೆನ್ನು ಸವರುತ್ತಾಳೆ. ಮರಿ ಮಾಡಿದ ಹ್ಯಾಟೆಯನ್ನು ಮಾತ್ರ ಕೊಯ್ಯಲು ಬಿಡುವುದಿಲ್ಲ. ಜುಟ್ಟಿ ಈಗ ಮೊಟ್ಟೆ ಇಡುವುದೇ ಅಪರೂಪ. ಅದು ಹೀಗೇ ಇರುತ್ತದೆ, ತಾನಾಗಿ ಹೋಗುವವರೆಗೆ. ನನಗೂ ಇದೇ ಸರಿ ಅನಿಸುತ್ತದೆ. ಸಂಜೆ ಸಂಜೆ ಮುಖ ನೋಡಿದ ಮೇಲೆ ಅಷ್ಟು ಋಣ ಇರಬೇಕಲ್ವಾ?

ಮೊನ್ನೆ ಅವ್ವ ಮಾರಿಹಬ್ಬಕ್ಕೆ ಊರಿಗೆ ಹೋದಳು. ಎಂಟು ದಿನ. ಕೋಳಿ ಮುಚ್ಚುವುದು ನನ್ನ ಪಾಲಿಗೆ ಬಂತು. ಆಫೀಸಿನಿಂದ ಬೇಗ ಬಂದು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಮೊಬೈಲನ್ನು ಒಳಗೇ ಬಿಡುತ್ತಿದ್ದೆ. ನನ್ನ ಕರೆ ಅವಕ್ಕೆ ಒಂದೆರಡು ದಿನ ಒಗ್ಗಲಿಲ್ಲ. ಆಮೇಲೆ ಬಂದವು. ನಾಲ್ಕನೇ ಸಂಜೆ ಒಳಗೆ ಫೋನ್ ಬಡಿದುಕೊಂಡಿತು. ಓಡಿ ಹೋಗಿ ತಂದೆ. ಅವ್ವ. ಹಿಂದೆ ತಮಟೆ ಸದ್ದು.

"ಬಂದ್ವಾ ಮಗಾ?"

"ಜುಟ್ಟಿ ಮೊದ್ಲು ಬಂತವ್ವ. ಎರಡು ಗಿರಿರಾಜನೂ ಒಟ್ಟಿಗೆ ಬಂದ್ವು. ಕೆಂಪಿ, ಚುಕ್ಕಿ ನುಚ್ಚಿಗೆ ಜಗಳ ಆಡ್ಕೊಂಡು ಬಂದ್ವು. ದೊಡ್ಡ ಕರಿ, ಚಿಕ್ಕ ಕರಿ ಬೇಲಿ ಕಡೆಯಿಂದ. ಬೋಳುಕತ್ತು ಕೊನೇಲಿ."

"ಬೂದಿ?"

"ಬೂದಿ ಬಂತು. ಆದ್ರೆ ಇವತ್ತು ಕೋಲಿನ ಮೇಲೆ ಹತ್ತಲಿಲ್ಲ ಅವ್ವ. ಕೆಳಗೇ ಕೂತಿದೆ. ಮೇವು ತಿಂದಿದೆ, ಕಣ್ಣು ಚೆನ್ನಾಗಿದೆ. ನಡೆಯೋವಾಗ ಎಡಗಾಲು ಎತ್ತೆತ್ತಿ ಇಡ್ತಿತ್ತು."

ಅವ್ವ ಒಂದು ಗಳಿಗೆ ಸುಮ್ಮನಿದ್ದಳು. ತಮಟೆ ಸದ್ದು ಕಡಿಮೆಯಾಯಿತು, ಎಲ್ಲೋ ಮರೆಗೆ ಬಂದಿರಬೇಕು. "ಬೆಳ್ಳು ನೋಡು. ಬೆಳ್ಳಿನ ಸಂದಿ" ಅಂದಳು.

ಫೋನನ್ನು ಮೆಟ್ಟಿಲ ಮೇಲಿಟ್ಟು ಟಾರ್ಚ್ ತಂದೆ. ಕತ್ತಲಾಗಿದ್ದರಿಂದ ಬೂದಿ ಒದ್ದಾಡದೆ ಕೈಗೆ ಬಂತು. ನಡುಬೆರಳಿನ ಬುಡಕ್ಕೆ ನೈಲಾನ್ ದಾರ ಸುತ್ತಿಕೊಂಡು ಬಿಗಿದಿತ್ತು, ಯಾವುದೋ ಗೋಣಿಚೀಲದ್ದು. ಬೆರಳು ಊದಿಕೊಂಡಿತ್ತು. ಇನ್ನೆರಡು ದಿನ ಬಿಟ್ಟಿದ್ದರೆ ರಕ್ತ ಹರಿಯದೆ ಬೆರಳೇ ಹೋಗುತ್ತಿತ್ತು. ಉಗುರು ಕತ್ತರಿಯ ತುದಿಯನ್ನು ದಾರದಡಿ ತೂರಿಸಿ ಕತ್ತರಿಸಿದೆ. ಸುತ್ತು ಬಿಡಿಸಿದೆ. ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿದೆ. ಬೂದಿಯ ಎದೆ ನನ್ನ ಅಂಗೈಯಲ್ಲಿ ಡವಡವ ಅನ್ನುತ್ತಿತ್ತು. ಬಿಸಿಯಾಗಿತ್ತು. ಮೆಲ್ಲಗೆ ಎತ್ತಿ ಕೋಲಿನ ಮೇಲೆ, ಜುಟ್ಟಿಯ ಪಕ್ಕ ಕೂರಿಸಿದೆ. ಎರಡು ಸಲ ವಾಲಿತು. ಆಮೇಲೆ ಬೆರಳು ಮಡಚಿ ಕೋಲು ಹಿಡಿಯಿತು.

ಫೋನ್ ಇನ್ನೂ ಹಾಗೇ ಇತ್ತು. ಎತ್ತಿಕೊಂಡೆ.

"ಹತ್ತಿತಾ?"

"ಹತ್ತಿತು ಅವ್ವ. ಜುಟ್ಟಿ ಪಕ್ಕ ಕೂತಿದೆ."

"ಅಗಣಿ ಹಾಕು ಮತ್ತೆ" ಅಂದಳು.